‘ಮೊದಲೇ ಶುಗರ್ ಇತ್ತಲ್ಲ’ ಎಂಬ ಹೊಸ ಕರ್ಮಸಿದ್ಧಾಂತ

“ಮೊದಲೇ ಶುಗರ್ ಇತ್ತಲ್ಲ ಇವರಿಗೆ?”

ಗುಮಾಸ್ತ ಕಾಗದದಿಂದ ತಲೆ ಎತ್ತದೆ ಕೇಳಿದ ಮಾತು ಇದು. 2021ರ ಕೊನೆ. ಕೊರೊನಾದಲ್ಲಿ ತೀರಿಹೋದ ನನ್ನ ಚಿಕ್ಕವ್ವನ ಪರಿಹಾರದ ಅರ್ಜಿ ಹಿಡಿದು ನಾನೂ ಅವಳ ಮಗನೂ ಒಂದು ಕಚೇರಿಯ ಕಿಟಕಿ ಮುಂದೆ ನಿಂತಿದ್ದೆವು. ಆತನ ದನಿಯಲ್ಲಿ ಸಿಟ್ಟಿರಲಿಲ್ಲ, ಅಸಹ್ಯವೂ ಇರಲಿಲ್ಲ. ಲೆಕ್ಕ ಸರಿಹೋಯಿತು ಅನ್ನುವವನ ನೆಮ್ಮದಿ ಇತ್ತು. ಆ ಒಂದು ಮಾತಿನಿಂದ ಸಾವಿಗೆ ಕಾರಣ ಸಿಕ್ಕಿತು, ಹೊಣೆ ಕಳಚಿತು, ಫೈಲು ಮುಚ್ಚಿತು.

ಗೆಳೆಯರೆ, ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಯಾಕೆಂದರೆ ನನಗೂ ಶುಗರ್ ಇದೆ. ನಾನು ಬದುಕಿದ್ದೇನೆ, ಅವಳು ಸತ್ತಳು. ಕಾಯಿಲೆ ಒಂದೇ ಆಗಿದ್ದಾಗ ಸಾವು ಮಾತ್ರ ಒಬ್ಬರನ್ನು ಆರಿಸಿಕೊಂಡು ಬಂದದ್ದು ಹೇಗೆ? ಇದನ್ನು ಡಾಕ್ಟರುಗಳ ಪಾಲಿಗೆ ಬಿಟ್ಟು ನಾವು ಸುಮ್ಮನಾಗುವ ಹಾಗಿಲ್ಲ. ಇದು ನೀತಿಯ ಪ್ರಶ್ನೆ. ಒಬ್ಬ ಮನುಷ್ಯನಿಗೆ ಮೊದಲೇ ಇದ್ದ ಕಾಯಿಲೆ, ಅವನನ್ನು ದುಡಿಸಿಕೊಂಡವರ ಹೊಣೆಯನ್ನು ಕಡಿಮೆ ಮಾಡುತ್ತದೆಯೋ, ಹೆಚ್ಚು ಮಾಡುತ್ತದೆಯೋ?

*

ನಾನು ಹೈಸ್ಕೂಲು ಮೇಷ್ಟ್ರು. ಚಿಕ್ಕವ್ವ ತಾಲ್ಲೂಕು ಪಟ್ಟಣದ ಬೀದಿ ಗುಡಿಸುತ್ತಿದ್ದಳು. ನನ್ನವ್ವನ ಒಡಹುಟ್ಟು. ಒಂದೇ ಕೇರಿ, ಒಂದೇ ರಕ್ತ, ಒಂದೇ ಮಾತ್ರೆ. ಅವಳು ಕಾಯಂ ನೌಕರಳಲ್ಲ, ಗುತ್ತಿಗೆಯವಳೂ ಅಲ್ಲ. ಗುತ್ತಿಗೆಯಲ್ಲಿ ಹೆಸರಿದ್ದ ಇನ್ನೊಬ್ಬಳ ‘ಬದಲಿ’. ಪೊರಕೆ ಇವಳ ಕೈಯಲ್ಲಿ, ಹಾಜರಾತಿ ಅವಳ ಹೆಸರಲ್ಲಿ.

2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ನನ್ನ ಶಾಲೆಗೂ ಬೀಗ. ಸಂಬಳ ಮಾತ್ರ ತಿಂಗಳಾದ ಮೇಲೆ ಬಂತು. ಮನೆಮನೆ ಸರ್ವೆಯ ಡ್ಯೂಟಿ ಬಿದ್ದಾಗ ಡಾಕ್ಟರ ಚೀಟಿ ಕೊಟ್ಟು ವಿನಾಯಿತಿ ತೆಗೆದುಕೊಂಡೆ. ‘ಶುಗರ್ ಇದೆ, ಹುಷಾರಾಗಿರಿ ಸಾರ್’ ಅಂದರು. ಅದೇ ಶುಗರ್ ನನಗೆ ರಜೆಯ ಚೀಟಿಯಾಯಿತು, ಅವಳಿಗೆ ಸಾವಿನ ಚೀಟಿಯಾಯಿತು.

ಆ ಮೇ ತಿಂಗಳಲ್ಲಿ ಕೇಂದ್ರದ ಗೃಹ ಇಲಾಖೆ ಹೊರಡಿಸಿದ ಸೂಚನೆಯಲ್ಲಿ, 65 ದಾಟಿದವರು, ಬೇರೆ ಕಾಯಿಲೆ ಇರುವವರು, ಬಸುರಿಯರು, 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕು ಎಂದಿತ್ತು. ಅಗತ್ಯ ಕೆಲಸಕ್ಕೆ, ಆರೋಗ್ಯದ ಕೆಲಸಕ್ಕೆ ಬಿಟ್ಟು. ನಾನು ಅದನ್ನು ಪೇಪರಿನಲ್ಲಿ ಓದಿ ಚಿಕ್ಕವ್ವನಿಗೆ ಹೇಳಿದೆ. ಅವಳು ನಕ್ಕಳು.

“ಮನೇಲಿ ಕುಂತ್ಕೊಂಡ್ರೆ ಸಕ್ಕರೆನೂ ಇಳೀತದೆ, ಒಲೆ ಉರೀನೂ ಇಳೀತದೆ ಕಣ್ ಮಗ. ಯಾವ್ದ್ ಮೊದ್ಲು ಇಳಿಸ್ಲಿ, ನೀನೇ ಹೇಳು.”

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಮನೆಯಲ್ಲಿರಿ’ ಎಂಬುದು ಮನೆಯಲ್ಲಿದ್ದರೂ ಉಣ್ಣುವವನಿಗೆ ಹೇಳಿದ ಮಾತು. ಕೂಲಿ ಕೊಡದೆ ‘ಮನೆಯಲ್ಲಿರು’ ಅನ್ನುವುದು ಬುದ್ಧಿವಾದವಲ್ಲ, ಕೈಬಿಡುವ ಇನ್ನೊಂದು ಬಗೆ.

*

ಸಕ್ಕರೆ ಕಾಯಿಲೆಯವರಿಗೆ ಕೊರೊನಾ ಯಾಕೆ ಹೆಚ್ಚು ಅಪಾಯ ಅನ್ನುವುದನ್ನು ಮೊದಲು ಸರಳವಾಗಿ ತಿಳಿದುಕೊಳ್ಳೋಣ. ರಕ್ತದಲ್ಲಿ ಸಕ್ಕರೆ ಬಹಳ ಕಾಲ ಹೆಚ್ಚಿದ್ದರೆ ಸೋಂಕಿನ ವಿರುದ್ಧ ಹೋರಾಡುವ ಮೈಯ ಶಕ್ತಿ ಕುಗ್ಗುತ್ತದೆ. ಸೋಂಕು ಬಂದಾಗ ಮೈ ಗಾಬರಿಬಿದ್ದು ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ. ಒಂದು ಇನ್ನೊಂದಕ್ಕೆ ಗಾಳಿ ಹಾಕುತ್ತದೆ. ಜೀವ ಉಳಿಸಲು ಕೊಡುತ್ತಿದ್ದ ಸ್ಟಿರಾಯ್ಡ್ ಕೂಡ ಸಕ್ಕರೆ ಏರಿಸುವಂಥದೇ. ಅದನ್ನು ಅಳತೆಯಿಲ್ಲದೆ ಕೊಟ್ಟ ಕಡೆ, ಸಕ್ಕರೆಯ ಮೇಲೆ ಕಣ್ಣಿಡದ ಕಡೆ, 2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ರೋಗ ಹಬ್ಬಿ ಎಷ್ಟೋ ಜನ ಕಣ್ಣು, ದವಡೆ ಕಳೆದುಕೊಂಡರು. ಅದರ ಔಷಧ ಆಂಫೊಟೆರಿಸಿನ್‌ಗೆ ದೇಶದಲ್ಲೆಲ್ಲ ಹಾಹಾಕಾರವಾಯಿತು.

ಇದು ವಿಜ್ಞಾನ. ನಾನು ಇದನ್ನು ಒಪ್ಪುತ್ತೇನೆ, ಇದನ್ನು ನಂಬಿಯೇ ಬದುಕಿದ್ದೇನೆ. ನನ್ನ ತಕರಾರು ವಿಜ್ಞಾನದ ಮೇಲಲ್ಲ. ಈ ವಿಜ್ಞಾನದ ಮಾತನ್ನು ಪುರೋಹಿತಶಾಹಿ ಬುದ್ಧಿ ಎತ್ತಿಕೊಂಡು ಏನು ಮಾಡಿತು ಅನ್ನುವುದರ ಮೇಲೆ.

ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ದಾಖಲಾಯಿತು. ಆಮೇಲೆ ದಿನವೂ ಸಂಜೆ ಸರ್ಕಾರದ ಬುಲೆಟಿನ್. ಸತ್ತವರ ವಯಸ್ಸು, ಜಿಲ್ಲೆ, ಪಕ್ಕದಲ್ಲಿ ಅವರಿಗಿದ್ದ ಬೇರೆ ಕಾಯಿಲೆ. ನಿಜ ಹೇಳಿ, ನಾವೆಲ್ಲ ಮೊದಲು ಕಣ್ಣಾಡಿಸುತ್ತಿದ್ದದ್ದು ಆ ಕೊನೆಯ ಮಾತಿನ ಮೇಲೆ ಅಲ್ಲವೆ? ‘ಓ, ಶುಗರ್ ಇತ್ತಂತೆ, ಬಿ.ಪಿ. ಇತ್ತಂತೆ’ ಅಂದುಕೊಂಡು ಉಸಿರು ಬಿಡುತ್ತಿದ್ದೆವು. ಸತ್ತವರು ಏನು ಕೆಲಸ ಮಾಡುತ್ತಿದ್ದರು, ಸಾಯುವ ವಾರ ಎಷ್ಟು ದಿನ ದುಡಿದಿದ್ದರು ಅನ್ನುವುದಕ್ಕೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಹಳೆಯ ಪುರೋಹಿತ ಹೇಳುತ್ತಿದ್ದ: ಹೋದ ಜನ್ಮದಲ್ಲಿ ಪಾಪ ಮಾಡಿದ್ದೆ, ಅದಕ್ಕೇ ಈ ಜನ್ಮದಲ್ಲಿ ಕೇರಿಯಲ್ಲಿ ಹುಟ್ಟಿದೆ. ಹೊಸ ಪುರೋಹಿತ ಹೇಳುತ್ತಾನೆ: ಹೋದ ಹತ್ತು ವರ್ಷ ಸರಿಯಾಗಿ ತಿನ್ನಲಿಲ್ಲ, ಸರಿಯಾಗಿ ನಡೆಯಲಿಲ್ಲ, ಅದಕ್ಕೇ ಈಗ ಸಾಯುತ್ತೀಯ. ‘ಜೀವನಶೈಲಿಯ ಕಾಯಿಲೆ’ ಅಂತ ಇದಕ್ಕೊಂದು ಚಂದದ ಹೆಸರು. ಎರಡರಲ್ಲೂ ಪಾಪಿ ಒಬ್ಬನೇ, ನರಳುವವನು. ಎರಡರಲ್ಲೂ ಧಣಿ, ಗುತ್ತಿಗೆದಾರ, ಸರ್ಕಾರ ಮಡಿಯಲ್ಲಿ ಹೊರಗೆ ನಿಂತಿರುತ್ತಾರೆ. ಇದೇ ಕರ್ಮಸಿದ್ಧಾಂತ. ಜುಟ್ಟು ಬಿಟ್ಟು ಬಿಳಿ ಕೋಟು ಹಾಕಿಕೊಂಡು ಬಂದಿದೆ, ಅಷ್ಟೆ.

ದಿನಾ ಹರಿಯುವ ಮುಂಚೆ ಎದ್ದು ಮೈಲಿಗಟ್ಟಲೆ ಬೀದಿ ಗುಡಿಸುವ ಹೆಂಗಸಿಗೆ ‘ವಾಕಿಂಗ್ ಮಾಡಮ್ಮ’ ಅಂತ ಬುದ್ಧಿ ಹೇಳುವ ಶೈಲಿ ಯಾರ ಜೀವನದ್ದು?

*

ಸಕ್ಕರೆ ಕಾಯಿಲೆ ಶ್ರೀಮಂತರ ಕಾಯಿಲೆ ಅನ್ನುವ ಮಾತು ನಮ್ಮ ಕೇರಿಗಳಲ್ಲೂ ಇದೆ. ಐಸಿಎಂಆರ್ ದೇಶದಾದ್ಯಂತ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಮ್ಮಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆ. ಇವರೆಲ್ಲ ತುಪ್ಪ ತಿಂದು ಮೈ ಬೆಳೆಸಿದವರೆ?

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಜರ್ಮನ್ ಸೇನೆ ಆಹಾರ ತಡೆದು ಹಾಲೆಂಡಿನ ಒಂದು ಭಾಗ ಹಸಿವಿನಲ್ಲಿ ಬೆಂದಿತು. ಆಗ ತಾಯ ಹೊಟ್ಟೆಯಲ್ಲಿದ್ದ ಮಕ್ಕಳನ್ನು ಐವತ್ತು ವರ್ಷದ ಮೇಲೆ ಪರೀಕ್ಷಿಸಿ ನೋಡಿದಾಗ ಅವರ ಮೈ ಸಕ್ಕರೆಯನ್ನು ಅರಗಿಸಿಕೊಳ್ಳುವುದರಲ್ಲಿ ಸೋತದ್ದು ಕಂಡಿತು. ಒಂದು ಚಳಿಗಾಲದ ಹಸಿವು ಹೀಗೆ ಮಾಡಿದರೆ, ತಲೆತಲಾಂತರದ ಹಸಿವು ಏನು ಮಾಡೀತು? ಹಸಿವಿನಿಂದಲೇ ಬರುವ ಒಂದು ಬಗೆಯ ಸಕ್ಕರೆ ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಗುರುತಿಸಿ, 1999ರಲ್ಲಿ ಪಟ್ಟಿಯಿಂದ ಕೈಬಿಟ್ಟಿತು. 2025ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಅದನ್ನು ‘ಟೈಪ್ 5’ ಅಂತ ಮತ್ತೆ ಒಪ್ಪಿಕೊಂಡಿತು. ಚಿಕ್ಕವ್ವನದು ಆ ಬಗೆಯೇ ಅಂತ ನಾನು ಹೇಳುತ್ತಿಲ್ಲ. ಆದರೆ ನೋಡಿ, ಬಡವನ ಕಾಯಿಲೆಗೆ ಪಟ್ಟಿಯಲ್ಲಿ ಹೆಸರು ಸಿಗುವುದಕ್ಕೂ ಇಷ್ಟು ಅಲೆಯಬೇಕು! ಅವ್ವನ ಹೊಟ್ಟೆಯ ಹಸಿವು ಮಗುವಿನ ರಕ್ತದಲ್ಲಿ ಬರೆದಿರುತ್ತದೆ ಅನ್ನುವುದಾದರೆ, ಆ ಬರಹ ಬ್ರಹ್ಮನದಲ್ಲ. ಕೂಲಿ ನಿಗದಿ ಮಾಡಿದವನದು.

ಊಟದ ಮಾತಿಗೆ ಬನ್ನಿ. ‘ಅನ್ನ ಕಡಿಮೆ ಮಾಡಿ, ಬೇಳೆ ಕಾಳು ಮೊಟ್ಟೆ ಮಾಂಸ ತಿನ್ನಿ’ ಅಂತಾರೆ ಡಾಕ್ಟರು. ಸರಿಯಾದ ಮಾತು. ಕೊರೊನಾ ಕಾಲದಲ್ಲಿ ಬಂದ ಉಚಿತ ರೇಷನ್ ಅಂದರೆ ತಲೆಗೆ 5 ಕೆ.ಜಿ. ಧಾನ್ಯ. ನಮ್ಮ ಕೇರಿಗೆ ಬಂದದ್ದು ಪಾಲಿಶ್ ಮಾಡಿದ ಅಕ್ಕಿ. ಹಸಿದವರ ಪಾಲಿಗೆ ಅದು ಜೀವ ಉಳಿಸಿತು, ಸುಳ್ಳು ಹೇಳಬಾರದು. ಆದರೆ ಶುಗರ್ ಇದ್ದವಳ ತಟ್ಟೆಯಲ್ಲಿ ಬೆಳಗ್ಗೆ ಅನ್ನ, ರಾತ್ರಿ ಅನ್ನ. 2021ರ ಜನವರಿಯಲ್ಲಿ, ಸಾಂಕ್ರಾಮಿಕದ ನಡುವೆಯೇ, ನಮ್ಮ ರಾಜ್ಯದಲ್ಲಿ ಜಾನುವಾರು ಹತ್ಯೆ ತಡೆಯ ಸುಗ್ರೀವಾಜ್ಞೆ ಜಾರಿಗೆ ಬಂತು. ಬಡವರ ಕೈಗೆ ಎಟುಕುತ್ತಿದ್ದ ಅಗ್ಗದ ಬಾಡಿಗೂ ಕಲ್ಲು ಬಿತ್ತು. ತಿನ್ನು ಅನ್ನುವವರೂ ಅವರೇ, ತಟ್ಟೆ ಕಿತ್ತುಕೊಳ್ಳುವವರೂ ಅವರೇ.

*

ಇಲ್ಲಿ ಒಬ್ಬ ಪ್ರಾಮಾಣಿಕ ಓದುಗ ತಡೆದು ಕೇಳಬಹುದು: ‘ಎಲ್ಲ ಸರಿ ಮೇಷ್ಟ್ರೆ, ನಿಮ್ಮ ಚಿಕ್ಕವ್ವ ಔಷಧಿಯನ್ನಾದರೂ ಸರಿಯಾಗಿ ತಗೋತಿದ್ದಳಾ?’

ಇಲ್ಲ. ತೆಗೆದುಕೊಳ್ಳುತ್ತಿರಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ನಾನೂ ಅವಳನ್ನು ಗದರಿದ್ದೇನೆ. ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಕೇಳಿದ್ದು ಬಹಳ ತಡವಾಗಿ.

ಕಾಲಿನ ಗಾಯ ಒಣಗದೆ ತಾಲ್ಲೂಕು ಆಸ್ಪತ್ರೆಗೆ ಹೋದಾಗಲೇ ಅವಳಿಗೆ ಶುಗರ್ ಇರುವುದು ಗೊತ್ತಾದದ್ದು. ಬರಿಗೈಯಲ್ಲಿ ಕಸ, ಹರಿದ ಚಪ್ಪಲಿಯಲ್ಲಿ ಗಾಜು. ಮೆಟ್‌ಫಾರ್ಮಿನ್ ಮಾತ್ರೆಯ ಜೊತೆ ಇನ್ಸುಲಿನ್ನೂ ಬರೆದರು. ಮನೆಯಲ್ಲಿ ಫ್ರಿಜ್ ಇಲ್ಲ. ಒದ್ದೆ ಮರಳಿನ ಮೇಲೆ ಮಡಕೆ ಇಟ್ಟು, ಅದರೊಳಗೆ ಸೀಸೆ ಇಟ್ಟುಕೊಂಡಿದ್ದಳು. ಅಷ್ಟು ಜೋಪಾನ ಮಾಡುವವಳು ಚುಚ್ಚಿಕೊಳ್ಳುತ್ತಿರಲಿಲ್ಲ ಯಾಕೆ?

“ಸೂಜಿ ಚುಚ್ಕಂಡ್ ಮೇಲೆ ಉಣ್ಬೇಕಂತೆ. ಐದೂವರೆಗೆ ಹಾಜ್ರಿ, ಹತ್ತಕ್ಕೆ ತಿಂಡಿ. ಒಂದಿನ ಚುಚ್ಕಂಡ್ ಹೋಗಿ ಕಣ್ಣು ಕತ್ಲೆ ಬಂದು ಚರಂಡಿ ಪಕ್ಕ ಬಿದ್ಬಿಟ್ಟೆ. ಮಾತ್ರೆ ನುಂಗಿದ್ರೆ ಹೊಟ್ಟೆ ಕೆಡ್ತದೆ. ಬೀದೀಲಿ ಎಲ್ಲಿಗ್ ಹೋಗ್ಲಿ ಮಗ? ಉಚ್ಚೆಗೇ ಜಾಗ ಇಲ್ಲ ಅಂತ ನೀರು ಕುಡಿಯೋದೇ ಬಿಟ್ಟಿವ್ನಿ.”

ಯೋಚಿಸಿ ಗೆಳೆಯರೆ. ಇನ್ಸುಲಿನ್ ತೆಗೆದುಕೊಂಡು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುತ್ತದೆ. ಮೆಟ್‌ಫಾರ್ಮಿನ್ ಕೆಲವರಿಗೆ ಹೊಟ್ಟೆ ಸಡಿಲ ಮಾಡುತ್ತದೆ. ಸಕ್ಕರೆ ಕಾಯಿಲೆಗೆ ಬಾಯಾರಿಕೆ ಹೆಚ್ಚು, ಮೂತ್ರ ಹೆಚ್ಚು. ತಿಂಡಿಯ ಹೊತ್ತು ಮೇಸ್ತ್ರಿಯ ಕೈಯಲ್ಲಿ, ಪಾಯಿಖಾನೆ ಯಾರ ಕೈಯಲ್ಲೂ ಇಲ್ಲ. ಅವಳು ಔಷಧಿ ಬಿಟ್ಟದ್ದು ಅಜ್ಞಾನದಿಂದಲ್ಲ, ಲೆಕ್ಕ ಹಾಕಿ ಬಿಟ್ಟಳು. ಔಷಧಿ ತೆಗೆದುಕೊಂಡರೆ ಇವತ್ತಿನ ಕೂಲಿ ಹೋಗುತ್ತದೆ, ಬಿಟ್ಟರೆ ಮುಂದೆಂದೋ ಜೀವ ಹೋಗುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಿಕೋ ಅನ್ನುವುದನ್ನು ‘ಆಯ್ಕೆ’ ಅಂತ ಕರೆಯಬಹುದೆ?

1982ರಲ್ಲಿ, ದಿಲ್ಲಿಯ ಏಷ್ಯನ್ ಗೇಮ್ಸ್ ಕಟ್ಟಡಗಳನ್ನು ಕಟ್ಟಿದ ಕೂಲಿಗಳ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿ ಒಂದು ದೊಡ್ಡ ಮಾತು ಹೇಳಿದರು. ಮೈಮೇಲಿನ ಬಲವೊಂದೇ ಬಲವಂತವಲ್ಲ. ಹಸಿವು ಬಡತನಗಳ ಒತ್ತಾಯಕ್ಕೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದರು. ಕಾಯಿಲೆಯ ಮೈಯನ್ನು ಸೋಂಕಿನ ಬೀದಿಗೆ ದೂಡಿದ್ದು ಇದೇ ಹಸಿವಿನ ಬಲವಂತ. ಆ ದಿನಗಳಲ್ಲಿ ಸರ್ಕಾರ ಯಾರ ಕಡೆ ನೋಡುತ್ತಿತ್ತು? 2020ರ ಮೇ 22ರಂದು ನಮ್ಮ ರಾಜ್ಯ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಲು ಅಧಿಸೂಚನೆ ಹೊರಡಿಸಿತು. ಹೈಕೋರ್ಟಿನಲ್ಲಿ ಪ್ರಶ್ನೆ ಮಾಡಿದ ಮೇಲೆ ಜೂನ್‌ನಲ್ಲಿ ಹಿಂತೆಗೆದುಕೊಂಡಿತು. ಮಾರ್ಚ್ 22ರ ಸಂಜೆ ದೇಶವೆಲ್ಲ ಚಪ್ಪಾಳೆ ತಟ್ಟಿ ತಟ್ಟೆ ಬಡಿದದ್ದು ನೆನಪಿದೆಯಲ್ಲ? ಜುಲೈ ಹೊತ್ತಿಗೆ ನಮ್ಮ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ಕೊಡಿ ಅಂತ ಕೆಲಸ ನಿಲ್ಲಿಸಿ ಬೀದಿಗೆ ಬರಬೇಕಾಯಿತು. ಚಪ್ಪಾಳೆಯಲ್ಲಿ ಸಕ್ಕರೆ ಇಳಿಯುವುದಿಲ್ಲ, ಹೊಟ್ಟೆ ತುಂಬುವುದಿಲ್ಲ.

ಲಸಿಕೆಯ ಕತೆಯೂ ಹೀಗೇ. 2021ರ ಫೆಬ್ರವರಿಯಿಂದ ಪೌರಕಾರ್ಮಿಕರಿಗೆ ಲಸಿಕೆ ಅಂದರು. ಪಟ್ಟಿಯಲ್ಲಿ ಚಿಕ್ಕವ್ವನ ಹೆಸರಿಲ್ಲ, ಅವಳು ಬದಲಿ. ಮಾರ್ಚ್ 1ರಿಂದ 45ರಿಂದ 59 ವರ್ಷದ ಕಾಯಿಲೆಯವರಿಗೆ ಅಂದರು. ನಿಯಮ ಏನು? ಹತ್ತು ವರ್ಷ ಮೀರಿದ ಅಥವಾ ತೊಡಕಾದ ಸಕ್ಕರೆ ಕಾಯಿಲೆ ಇರಬೇಕು, ಅದರ ಜೊತೆ ಚಿಕಿತ್ಸೆಯಲ್ಲಿರುವ ರಕ್ತದೊತ್ತಡವೂ ಇರಬೇಕು, ವೈದ್ಯರ ಸರ್ಟಿಫಿಕೇಟು ಬೇಕು. ಹತ್ತು ವರ್ಷದಿಂದ ಕಾಯಿಲೆ ಇದೆ ಅಂತ ತೋರಿಸಬೇಕಾದರೆ ಹತ್ತು ವರ್ಷದ ಹಿಂದೆ ರಕ್ತ ಪರೀಕ್ಷೆ ಮಾಡಿಸಿರಬೇಕಲ್ಲ! ನಮ್ಮವರ ಕಾಯಿಲೆಗೆ ವಯಸ್ಸಾಗಿರುತ್ತದೆ, ಕಾಗದ ಇರುವುದಿಲ್ಲ. ಏಪ್ರಿಲ್ 1ರಿಂದ 45 ದಾಟಿದವರಿಗೆಲ್ಲ ಅಂದರು. ಎರಡು ಸಲ ಸಾಲಿನಲ್ಲಿ ನಿಂತು ‘ಇವತ್ತಿಂದು ಮುಗೀತು’ ಅನ್ನಿಸಿಕೊಂಡು ಬಂದಳು. ಮೂರನೆಯ ಸಲಕ್ಕೆ ಕೂಲಿ ಬಿಡುವ ಶಕ್ತಿ ಇರಲಿಲ್ಲ. ಮೇ ತಿಂಗಳಲ್ಲಿ ಜ್ವರ ಬಂತು. ಮೂರು ದಿನ ಜ್ವರದಲ್ಲೇ ಕೆಲಸಕ್ಕೆ ಹೋದಳು. ಐದನೆಯ ದಿನ ಆಟೋದಲ್ಲಿ, ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತು.

ಟೊರೊಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ. ಅದರ ಪೇಟೆಂಟನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಇದು ಲೋಕದ ಸ್ವತ್ತಾಗಲಿ ಅನ್ನುವ ಉದ್ದೇಶದಿಂದ. ಸರಿಯಾಗಿ ನೂರು ವರ್ಷಕ್ಕೆ, 2021ರಲ್ಲಿ, ಔಷಧಿ ಮಡಕೆಯಲ್ಲಿದ್ದೂ ಒಬ್ಬ ಹೆಂಗಸು ಸತ್ತಳು. ಕೊರತೆ ಇದ್ದದ್ದು ಔಷಧಿಯದ್ದಲ್ಲ. ಒಂದು ತುತ್ತು ತಿಂಡಿಯ ಹೊತ್ತಿನದು.

*

ಸಾವಿಗೆ ಹೆಸರಿಡುವುದೂ ಒಂದು ಅಧಿಕಾರ. ಕೊರೊನಾದಿಂದ ಸತ್ತವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳನ್ನು ಸಾವಿನ ಮೂಲ ಕಾರಣ ಅಂತ ಬರೆಯಬಾರದು ಎಂದು ಐಸಿಎಂಆರ್ ಮಾರ್ಗಸೂಚಿಯೇ 2020ರಲ್ಲಿ ಹೇಳಿತ್ತು. ಆದರೂ ಆ ಏಪ್ರಿಲ್‌ನಲ್ಲಿ ಪಶ್ಚಿಮ ಬಂಗಾಳದ ಸಮಿತಿಯೊಂದು 57 ಸಾವುಗಳನ್ನು ಪರಿಶೀಲಿಸಿ 39ನ್ನು ಬೇರೆ ಕಾಯಿಲೆಗಳ ಲೆಕ್ಕಕ್ಕೆ ಹಾಕಿತು. 2020, 2021 ಎರಡು ವರ್ಷಗಳಲ್ಲಿ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವುಗಳಾಗಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತು. ಸರ್ಕಾರ ಆ ಲೆಕ್ಕವನ್ನು ಒಪ್ಪಲಿಲ್ಲ. ಅದರ ಲೆಕ್ಕ ಐದು ಲಕ್ಷವನ್ನೂ ಮುಟ್ಟುವುದಿಲ್ಲ. ಚಿಕ್ಕವ್ವ ಯಾರ ಲೆಕ್ಕದಲ್ಲಿದ್ದಾಳೆ?

ಮರಣಪತ್ರದಲ್ಲಿ ಕೊರೊನಾ ಅಂತ ಬರೆದಿಲ್ಲ ಅನ್ನುವ ಒಂದೇ ಕಾರಣಕ್ಕೆ 50 ಸಾವಿರದ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು. ಒಳ್ಳೆಯ ಮಾತು. ಆದರೆ ಪರೀಕ್ಷೆಯೇ ಆಗದೆ ಸತ್ತವಳು ಯಾವ ಚೀಟಿ ತೋರಿಸಬೇಕು? ಅವಳ ಹತ್ತಿರ ಇದ್ದದ್ದು ಒಂದೇ ಕಾಗದ, ಶುಗರ್ ಚೀಟಿ. ಅದನ್ನೇ ಅವಳ ವಿರುದ್ಧ ಸಾಕ್ಷಿ ಮಾಡಿದರು.

ನಮ್ಮೂರಲ್ಲಿ ಒಂದು ನ್ಯಾಯವಿತ್ತು. ಒಬ್ಬ ಎರವಲು ಎತ್ತು ತಂದು ಉಳುತ್ತಾನೆ. ಎತ್ತಿಗೆ ಕಾಲು ಕುಂಟು ಅಂತ ಅವನಿಗೆ ಗೊತ್ತು. ಗೊತ್ತಿದ್ದೂ ಬಿಸಿಲಲ್ಲಿ ಎರಡು ಹೊತ್ತು ಹೂಡಿ, ಎತ್ತು ಬಿದ್ದು ಸತ್ತರೆ, ‘ಅದು ಮೊದಲೇ ಕುಂಟಿತ್ತು ಸ್ವಾಮಿ’ ಅಂದರೆ ಊರ ಹಿರಿಯರು ಬಿಡುತ್ತಿರಲಿಲ್ಲ. ‘ಕುಂಟು ಅಂತ ಗೊತ್ತಿದ್ದ ಮೇಲೆ ಹೂಡಿದ್ದು ಯಾಕೆ?’ ಅಂತ ಕೇಳಿ ತಪ್ಪು ದಂಡ ಇಬ್ಬಗೆ ಹಾಕುತ್ತಿದ್ದರು. ಎತ್ತಿಗಿದ್ದ ನ್ಯಾಯ ನನ್ನ ಚಿಕ್ಕವ್ವನಿಗೆ ಇಲ್ಲವಾಯಿತು. ನಾನು ಹೇಳಬೇಕಾದದ್ದು ಇಷ್ಟೆ: ಮೊದಲೇ ಇದ್ದ ಕಾಯಿಲೆ ಹೊಣೆಯನ್ನು ತಗ್ಗಿಸುವುದಿಲ್ಲ, ಇಮ್ಮಡಿ ಮಾಡುತ್ತದೆ.

*

‘ಬಾಬಾಸಾಹೇಬರಿಗೂ ಶುಗರ್ ಇತ್ತು, ಅವರು ದುಡಿಯಲಿಲ್ಲವೆ?’ ಅಂತ ನಮ್ಮವರೇ ಕೆಲವರು ಹೇಳುವುದುಂಟು. ಹೌದು, ಇತ್ತು. ಸಂವಿಧಾನದ ಕರಡಿನ ಕಾಲದಲ್ಲಿ ಕಾಲುನೋವಿನಿಂದ ನಿದ್ದೆಗೆಟ್ಟು ದುಡಿದರು. 1948ರಲ್ಲಿ ಅವರನ್ನು ಮದುವೆಯಾದ ಸವಿತಾ ಅವರು ಸ್ವತಃ ಡಾಕ್ಟರು. 1951ರ ಆಗಸ್ಟಿನಲ್ಲಿ ನೆಹರೂ ಅವರಿಗೆ ಬರೆದ ಪತ್ರದಲ್ಲಿ ಬಾಬಾಸಾಹೇಬರು ತಮ್ಮ ಆರೋಗ್ಯ ಕೆಡುತ್ತಿರುವುದನ್ನು ಹೇಳಿ, ಹಿಂದೂ ಕೋಡ್ ಬಿಲ್ ಬೇಗ ಮುಗಿಸಬೇಕೆಂದು ಒತ್ತಾಯಿಸಿದರು. ಆದರೆ ಅದು ಅವರು ತಾವಾಗಿ ಆರಿಸಿಕೊಂಡ ದುಡಿಮೆ, ಯಾವ ಮೇಸ್ತ್ರಿಯ ಹಾಜರಿಯೂ ಅಲ್ಲ. ಆ ದುಡಿಮೆಯ ಫಲವಾದ ಸಂವಿಧಾನದ 42ನೆಯ ವಿಧಿ, ದುಡಿಯುವ ಜಾಗ ನ್ಯಾಯವಾಗಿ, ಮನುಷ್ಯರಿಗೆ ತಕ್ಕುದಾಗಿ ಇರುವಂತೆ ನೋಡಿಕೊಳ್ಳಬೇಕಾದದ್ದು ರಾಜ್ಯದ ಕೆಲಸ ಅನ್ನುತ್ತದೆ. ಅವರು ಮೈ ಸವೆಸಿದ್ದು ನಮ್ಮ ಮೈ ಸವೆಯದಿರಲಿ ಅಂತ. ಅವರ ನೋವನ್ನು ನಮ್ಮ ಮೇಲೆ ಬೀಸುವ ಚಾಟಿ ಮಾಡಿಕೊಳ್ಳಬಾರದು.

ಇಲ್ಲಿ ನಾವು ನಮ್ಮನ್ನೂ ಬಿಡಬಾರದು. ನಮ್ಮ ಸಂಘಟನೆಗಳೂ ಮೈಯನ್ನು ಮರೆತಿವೆ. ಬಸ್‌ಸ್ಟ್ಯಾಂಡಿನ ಬನ್ನು, ಮೀಟಿಂಗಿನ ಆರು ಸಕ್ಕರೆ ಟೀ, ನಿದ್ದೆಗೆಟ್ಟ ರಾತ್ರಿ, ಇದನ್ನೇ ತ್ಯಾಗ ಅಂತ ಹಾಡಿ ಎಷ್ಟು ಜನ ಒಳ್ಳೆಯ ಕಾರ್ಯಕರ್ತರನ್ನು ಐವತ್ತಕ್ಕೇ ಮಣ್ಣು ಮಾಡಿದೆವು? ನಾವು ಭೂಮಿ ಕೇಳಿದೆವು, ಮೀಸಲಾತಿ ಕೇಳಿದೆವು. ಬೀದಿ ಗುಡಿಸುವವಳಿಗೆ ಬೆಳಗ್ಗೆ ಏಳಕ್ಕೆ ತಿಂಡಿ, ಕಾಲಿಗೆ ಬೂಟು, ಹತ್ತಿರದಲ್ಲೊಂದು ಪಾಯಿಖಾನೆ ಕೇಳುವುದು ಸಣ್ಣ ಮಾತು ಅಂದುಕೊಂಡೆವು. ಚಿಕ್ಕವ್ವ ಸತ್ತದ್ದು ಈ ಸಣ್ಣ ಮಾತುಗಳ ಕೊರತೆಯಿಂದ. ನನ್ನ ತಪ್ಪೂ ಇದರಲ್ಲಿದೆ. ರಜೆ ಚೀಟಿ ಬರೆಸಿಕೊಂಡ ಕೈಯಿಂದ ಅವಳಿಗಾಗಿ ಒಂದು ಅರ್ಜಿ ಬರೆಯಲಿಲ್ಲ. ಬುದ್ಧಿ ಹೇಳಿ ಬಂದೆ.

2023ರ ಮೇ 5ರಂದು ಕೊರೊನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದು ಸಾರಿದರು. ಸಕ್ಕರೆ ಕಾಯಿಲೆ ಮುಗಿದಿಲ್ಲ, ಬದಲಿ ಆಳಿನ ಪದ್ಧತಿ ಮುಗಿದಿಲ್ಲ, ಇನ್ನೊಂದು ಪಿಡುಗು ಬರುವುದಿಲ್ಲ ಅನ್ನುವ ಖಾತ್ರಿಯೂ ಇಲ್ಲ. ಆದ್ದರಿಂದ ಈಗಲೇ ಕೇಳೋಣ. ದುಡಿಯುವವರೆಲ್ಲರ ಹೆಸರು ಹಾಜರಿ ಪುಸ್ತಕದಲ್ಲಿರಲಿ. ಕೆಲಸದ ಜಾಗದಲ್ಲೇ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಮಾತ್ರೆ ಸಿಗಲಿ. ಕಾಯಿಲೆಯವರು ಮನೆಯಲ್ಲಿರಬೇಕು ಅನ್ನುವ ಆದೇಶ ಬಂದರೆ, ಅದೇ ಕಾಗದದಲ್ಲಿ ಕೂಲಿಯ ಮೊತ್ತವೂ ಇರಲಿ. ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ನಿಮ್ಮ ಕೇರಿಯಲ್ಲಿ ಯಾರಿಗೆ ಶುಗರ್ ಇದೆ, ಯಾರು ಔಷಧಿ ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ ಅಂತ ಕೇಳಿ ಬರೆದುಕೊಳ್ಳಿ. ಬುದ್ಧಿ ಹೇಳುವ ಮೊದಲು ‘ಯಾಕೆ’ ಅಂತ ಕೇಳಿ.

ಆ ಗುಮಾಸ್ತನಿಗೆ ಅವತ್ತು ನಾನು ಏನೂ ಹೇಳದೆ ಬಂದೆ. ಇವತ್ತು ಹೇಳುತ್ತೇನೆ:

ಹೌದು ಸ್ವಾಮಿ, ಮೊದಲೇ ಇತ್ತು. ಶುಗರ್ ಇತ್ತು. ಅದಕ್ಕೂ ಮೊದಲು ಹಸಿವಿತ್ತು. ಅದಕ್ಕೂ ಮೊದಲು ಕೈಗೆ ಪೊರಕೆ ಕೊಟ್ಟ ಜಾತಿ ಇತ್ತು. ಎಲ್ಲ ಮೊದಲೇ ಇತ್ತು. ನಿಮಗೆಲ್ಲ ಗೊತ್ತೂ ಇತ್ತು.

ಗೊತ್ತಿದ್ದ ಮೇಲೆ, ಅವಳನ್ನು ಬೀದಿಗೆ ಕಳಿಸಿದ್ದು ಯಾಕೆ?